ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ಗೊತ್ತಾದದ್ದು ಹೇಗೆ?

ಕರ್ನಾಟಕದ ರಾಜ್ಯಪಕ್ಷಿ ಯಾವುದು ಎಂದು ಕೇಳಿದರೆ ಶಾಲೆಯ ಮಕ್ಕಳು ಥಟ್ಟನೆ ನೀಲಕಂಠ ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಇದು ಬಾಯಿಪಾಠ. ಆದರೆ ಇದೇ ಹಕ್ಕಿಯ ಬಗ್ಗೆ 2023ರ ಆಗಸ್ಟ್‌ನಲ್ಲಿ ಬಂದ ಸುದ್ದಿಯನ್ನು ನಾವು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ದೇಶದ ಹಕ್ಕಿಗಳು ಹೇಗಿವೆ ಎಂದು ಹೇಳುವ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಆ ತಿಂಗಳು ಹೊರಬಂತು. ಸಾಮಾನ್ಯ ಹಕ್ಕಿ ಎಂದೇ ಎಲ್ಲರೂ ಅಂದುಕೊಂಡಿದ್ದ 14 ಜಾತಿಗಳು ಶೇ 30ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಕುಸಿದಿವೆ, ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅವುಗಳ ಸ್ಥಾನವನ್ನು ಮತ್ತೊಮ್ಮೆ ನೋಡಬೇಕು ಎಂದು ಅದರಲ್ಲಿ ಹೇಳಲಾಗಿತ್ತು. ಆ 14ರಲ್ಲಿ ನಮ್ಮ ನೀಲಕಂಠವೂ ಇದೆ.

ನೀಲಕಂಠ ದಟ್ಟ ಕಾಡಿನ ಹಕ್ಕಿಯಲ್ಲ. ಹೊಲದ ನಡುವಿನ ಒಂಟಿ ಮರ, ರಸ್ತೆ ಬದಿಯ ಕರೆಂಟ್ ತಂತಿ, ಬೇಲಿಯ ಕಲ್ಲುಕಂಬ, ಇವೇ ಅದರ ಜಾಗ. ಕೂತಲ್ಲಿಂದ ನೆಲವನ್ನು ದಿಟ್ಟಿಸುತ್ತದೆ. ಮಿಡತೆ, ಜೀರುಂಡೆ, ಸಣ್ಣ ಹಲ್ಲಿಗಳು ಕಂಡರೆ ಧುಮುಕಿ ಹಿಡಿಯುತ್ತದೆ. ಕೂತಿದ್ದಾಗ ಕಂದು ಬಣ್ಣವೇ ಎದ್ದು ಕಾಣುತ್ತದೆ. ರೆಕ್ಕೆ ಬಿಚ್ಚಿದರೆ ಎರಡು ಬಗೆಯ ನೀಲಿ ಒಟ್ಟಿಗೆ ಹೊಳೆಯುತ್ತದೆ. ಚಿತ್ರದುರ್ಗದಿಂದ ಬಳ್ಳಾರಿಗೆ, ಗದಗದಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದಲೇ ನೋಡಬಹುದಾದ ಹಕ್ಕಿ ಇದು. ಇಂದಿಗೂ ಕಾಣುತ್ತದೆ. ಹಾಗಾಗಿಯೇ ಅದು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ದಿನಾ ಕಣ್ಣೆದುರು ಇರುವ ಮಗು ಎತ್ತರವಾದದ್ದು ಮನೆಯವರಿಗೆ ತಿಳಿಯುವುದಿಲ್ಲ, ಅಲ್ವಾ? ವರ್ಷಕ್ಕೊಮ್ಮೆ ಬರುವ ನೆಂಟರು ಹೇಳಬೇಕು. ಹಕ್ಕಿಗಳ ವಿಷಯದಲ್ಲಿ ಆ ನೆಂಟರ ಕೆಲಸ ಮಾಡುವುದು ಲೆಕ್ಕ.

ಈ ಲೆಕ್ಕ ತೋರಿಸುತ್ತಿರುವುದು ನಮಗೆ ಅಷ್ಟೇನೂ ಇಷ್ಟವಾಗದ ಸಂಗತಿ. ನಾವು ಹಕ್ಕಿಧಾಮ ಎಂದು ಹೆಸರಿಟ್ಟು ಕಾಯುತ್ತಿರುವುದು ಒಂದೇ ಕಡೆ ಗುಂಪಾಗಿ ಸೇರುವ ಹಕ್ಕಿಗಳನ್ನು. ಜೋರಾಗಿ ಕರಗುತ್ತಿರುವ ಹಕ್ಕಿಗಳಲ್ಲಿ ಬಹಳಷ್ಟು ಬಯಲಿನಲ್ಲಿ ಚದುರಿ ಬದುಕುವಂಥವು. ಅವುಗಳ ನೆಲ ಸರ್ಕಾರಿ ಕಡತದಲ್ಲಿ ಬಂಜರು ಭೂಮಿ.

ಎಣಿಸುವುದು ಅಂದರೆ ಏನು?

ಹಾರುವ ಹಕ್ಕಿಯನ್ನು ಎಣಿಸುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ದೇಶದಲ್ಲಿ ಒಟ್ಟು ಎಷ್ಟು ನೀಲಕಂಠಗಳಿವೆ ಎಂದು ಯಾರೂ ಎಣಿಸಿಲ್ಲ, ಎಣಿಸಲೂ ಆಗುವುದಿಲ್ಲ. ಎಣಿಸುವುದು ಬೇರೆಯದೇ ಒಂದು ಸಂಗತಿಯನ್ನು. ಹಕ್ಕಿ ನೋಡಲು ಹೋದ ನೂರು ಜನರಲ್ಲಿ ಎಷ್ಟು ಜನರಿಗೆ ನೀಲಕಂಠ ಕಂಡಿತು? ಇಪ್ಪತ್ತು ವರ್ಷದ ಹಿಂದೆ ಎಷ್ಟು ಜನರಿಗೆ ಕಾಣುತ್ತಿತ್ತು? ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವೇ ಮುಖ್ಯ.

ಇದಕ್ಕೆ ಬಳಕೆಯಾಗುವುದು ಇ-ಬರ್ಡ್ ಎಂಬ ವೇದಿಕೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು. ಭಾರತದಲ್ಲಿ ಬರ್ಡ್ ಕೌಂಟ್ ಇಂಡಿಯಾ ಎಂಬ ಒಕ್ಕೂಟ ಇದನ್ನು ನೋಡಿಕೊಳ್ಳುತ್ತದೆ. ಬಳಸುವ ವಿಧಾನ ಸರಳ. ಒಂದು ಜಾಗಕ್ಕೆ ಹೋಗಬೇಕು. ಹದಿನೈದು ನಿಮಿಷವಾದರೂ ಇರಬೇಕು. ಕಂಡ, ಕೇಳಿದ, ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಎಷ್ಟು ಜನ ಇದ್ದಿರಿ ಎನ್ನುವುದನ್ನೂ ಬರೆಯಬೇಕು.

ಇದರಲ್ಲಿ 'ಎಲ್ಲ ಹಕ್ಕಿಗಳನ್ನೂ' ಎಂಬ ಮಾತೇ ಜೀವಾಳ. ನಮ್ಮಲ್ಲಿ ಬಹಳಷ್ಟು ಜನ ಅಪರೂಪದ ಹಕ್ಕಿ ಕಂಡರೆ ಮಾತ್ರ ಬರೆದಿಡುತ್ತಾರೆ, ಫೋಟೊ ಹಾಕುತ್ತಾರೆ. ಕಾಗೆ, ಮೈನಾ, ಬೆಳವ, ಕಾಜಾಣ ಇವನ್ನೆಲ್ಲ ಏನು ಬರೆಯುವುದು ಎಂದು ಬಿಟ್ಟುಬಿಡುತ್ತಾರೆ. ಆಗ ಆ ಪಟ್ಟಿಯಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಪಟ್ಟಿ ಪೂರ್ತಿ ಇದ್ದರೆ ಮಾತ್ರ ಅದರಲ್ಲಿ ಇಲ್ಲದ ಹೆಸರಿಗೂ ಅರ್ಥ ಬರುತ್ತದೆ. ಕಂಡ ಎಲ್ಲವನ್ನೂ ಬರೆದ ಒಬ್ಬರ ಪಟ್ಟಿಯಲ್ಲಿ ನೀಲಕಂಠ ಇಲ್ಲವೆಂದರೆ, ಆ ಬೆಳಿಗ್ಗೆ ಆ ಜಾಗದಲ್ಲಿ ಅದು ಅವರಿಗೆ ಕಾಣಲಿಲ್ಲ ಎಂದೇ ಲೆಕ್ಕ. ಇಂಥ ಸಾವಿರಾರು 'ಇಲ್ಲ'ಗಳು ಸೇರಿದಾಗ ಕುಸಿತದ ಗೆರೆ ಕಾಣತೊಡಗುತ್ತದೆ.

ಹಳೆಯ ಕಾಲದ ಮಾಹಿತಿ ಎಲ್ಲಿಂದ ಬಂತು ಎನ್ನುವುದು ನನಗೆ ಈ ಇಡೀ ಕೆಲಸದಲ್ಲಿ ತುಂಬ ಹಿಡಿಸಿದ ಭಾಗ. ವರದಿ ತನ್ನ ಹೋಲಿಕೆಗೆ 2000ಕ್ಕೂ ಹಿಂದಿನ ಸ್ಥಿತಿಯನ್ನು ಇಟ್ಟುಕೊಂಡಿದೆ. ಆಗ ಇ-ಬರ್ಡ್ ಇರಲಿಲ್ಲ, ಸ್ಮಾರ್ಟ್‌ಫೋನ್ ಕೂಡ ಇರಲಿಲ್ಲ. ಇದ್ದದ್ದು ಹಕ್ಕಿ ನೋಡುವ ಹಿರಿಯರ ಡೈರಿಗಳು. ತಾರೀಖು, ಊರು, ಕಂಡ ಹಕ್ಕಿಗಳ ಹೆಸರು ಎಲ್ಲವನ್ನೂ ಶಿಸ್ತಾಗಿ ಬರೆದಿಟ್ಟಿದ್ದವರು ಅನೇಕರು. ಆ ನೋಟ್‌ಬುಕ್‌ಗಳನ್ನು ಕಪಾಟಿನಿಂದ ತೆಗೆದು, ಒಂದೊಂದೇ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದರು. ಯಾರೂ ಕೇಳದಿದ್ದ ಕಾಲದಲ್ಲಿ, ಯಾವ ಸಂಬಳವೂ ಇಲ್ಲದೆ ಬರೆದಿಟ್ಟ ಆ ಸಾಲುಗಳಿಲ್ಲದಿದ್ದರೆ 'ಮೊದಲಿಗಿಂತ' ಎಂಬ ಮಾತನ್ನು ಆಡಲು ನಮಗೆ ಆಧಾರವೇ ಇರುತ್ತಿರಲಿಲ್ಲ.

2023ರ ವರದಿಗೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಮೂರು ಕೋಟಿ ದಾಖಲೆಗಳು ಬಳಕೆಯಾದವು. ಹದಿಮೂರು ಸಂಸ್ಥೆಗಳು ಸೇರಿ ಅದನ್ನು ತಯಾರಿಸಿದವು. ತಪ್ಪು ಗುರುತುಗಳು ನುಸುಳದಂತೆ ಒಂದು ಜರಡಿಯೂ ಇದೆ. ಆ ಊರಿನಲ್ಲಿ, ಆ ತಿಂಗಳಲ್ಲಿ ಇರಬಾರದ ಹಕ್ಕಿಯ ಹೆಸರು ಬಂದರೆ, ಆ ಭಾಗದ ಅನುಭವಿ ಸ್ವಯಂಸೇವಕರು ಫೋಟೊ ಅಥವಾ ವಿವರ ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಅದು ಲೆಕ್ಕಕ್ಕೆ ಸೇರುವುದಿಲ್ಲ.

ಲೆಕ್ಕ ಹೇಳಿದ್ದೇನು?

ವರದಿ ನೋಡಿದ್ದು 942 ಜಾತಿಗಳನ್ನು. ಅದರಲ್ಲಿ ದೀರ್ಘ ಕಾಲದ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ ಮಾತ್ರ. ಆ 338ರಲ್ಲಿ 204 ಕಡಿಮೆಯಾಗಿವೆ, ಅಂದರೆ ಶೇ 60. ಹಾಗೇ ಇರುವುದು 98. ಜಾಸ್ತಿಯಾದದ್ದು 36. ಇನ್ನು 2015ರ ನಂತರದ ವರ್ಷಗಳನ್ನಷ್ಟೇ ಹಿಡಿದು ನೋಡಿದರೆ, ಲೆಕ್ಕಕ್ಕೆ ಸಿಕ್ಕ 359 ಜಾತಿಗಳಲ್ಲಿ 142 ಇಳಿಯುತ್ತಿವೆ. ಒಟ್ಟು 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದು ವರದಿ ಗುರುತಿಸಿದೆ.

ಈ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. 'ಭಾರತದ ಶೇ 60ರಷ್ಟು ಹಕ್ಕಿಗಳು ಕಡಿಮೆಯಾದವು' ಎಂದು ಕೆಲವು ಕಡೆ ಶೀರ್ಷಿಕೆ ಬಂತು. ಅದು ಸರಿಯಲ್ಲ. ಅಳೆಯಲು ಸಾಧ್ಯವಾದ ಜಾತಿಗಳಲ್ಲಿ ಶೇ 60 ಎನ್ನಬೇಕು. ಉಳಿದ 604 ಜಾತಿಗಳ ದೀರ್ಘಕಾಲದ ಕತೆ ಹೇಳಲು ಸಾಕಷ್ಟು ಪಟ್ಟಿಗಳೇ ಇರಲಿಲ್ಲ. ನನಗೆ ಆ 604 ಕೂಡ ಅಷ್ಟೇ ಚಿಂತೆಯ ಸಂಖ್ಯೆ.

ಎಲ್ಲ ಹಕ್ಕಿಗಳೂ ಒಂದೇ ರೀತಿ ಇಳಿದಿಲ್ಲ. ನವಿಲು ಜಾಸ್ತಿಯಾಗಿದೆ, ಹೊಲ ಇರುವ ಯಾವ ರೈತರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಕೋಗಿಲೆಯೂ ಹೆಚ್ಚಾಗಿದೆ. ಹಣ್ಣು, ಮಕರಂದ ತಿನ್ನುವ ಹಕ್ಕಿಗಳು ಒಟ್ಟಾರೆ ಪರವಾಗಿಲ್ಲ. ಹುಳುಹುಪ್ಪಟೆ ತಿನ್ನುವವು, ಮಾಂಸ ತಿನ್ನುವ ಹದ್ದು ಡೇಗೆಗಳು, ದೂರದಿಂದ ವಲಸೆ ಬರುವ ಬಾತುಗಳು ಮತ್ತು ದಡದ ಹಕ್ಕಿಗಳು ಇಳಿದಿವೆ. ಹುಲ್ಲುಗಾವಲು, ಕುರುಚಲು ಬಯಲನ್ನೇ ನಂಬಿದ ಹಕ್ಕಿಗಳ ಸ್ಥಿತಿ ಕೆಟ್ಟದಾಗಿದೆ. ಬೂದು ಬಣ್ಣದ ದೊಡ್ಡ ಕಳಿಂಗ ಹಕ್ಕಿಯ (ಗ್ರೇಟ್ ಗ್ರೇ ಶ್ರೈಕ್) ಇಳಿಕೆ ಶೇ 80ಕ್ಕಿಂತ ಜಾಸ್ತಿ. ಮರದಲ್ಲೂ ಇರಬಲ್ಲ, ಮನೆ ಹತ್ತಿರವೂ ಇರಬಲ್ಲ, ಏನು ಕೊಟ್ಟರೂ ತಿನ್ನಬಲ್ಲ ಹಕ್ಕಿಗಳು ಗೆಲ್ಲುತ್ತಿವೆ. ಒಂದೇ ಬಗೆಯ ನೆಲಕ್ಕೆ ಅಂಟಿಕೊಂಡವು ಸೋಲುತ್ತಿವೆ.

ಗುಬ್ಬಚ್ಚಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಮೊಬೈಲ್ ಟವರ್‌ನಿಂದ ಗುಬ್ಬಚ್ಚಿ ನಾಶವಾಯಿತು ಎಂದು ಎಷ್ಟು ಭಾಷಣ ಕೇಳಿಲ್ಲ ನಾವು! 2020ರ ಮೊದಲ ವರದಿಯ ಲೆಕ್ಕದಲ್ಲಿ ದೇಶದ ಒಟ್ಟು ಚಿತ್ರ ನೋಡಿದರೆ ಗುಬ್ಬಚ್ಚಿ ಇಪ್ಪತ್ತೈದು ವರ್ಷಗಳಲ್ಲಿ ಹೆಚ್ಚುಕಮ್ಮಿ ಹಾಗೇ ಇತ್ತು. ಇಳಿದದ್ದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಟವರ್ ಕಾರಣ ಎನ್ನಲು ನಂಬುವಂಥ ಸಾಕ್ಷಿ ಇಲ್ಲ. ಗುಬ್ಬಚ್ಚಿಗೆ ಒಂದು ದಿನಾಚರಣೆಯೇ ಇದೆ. ಬಯಲಿನ ನೆಲಗುಬ್ಬಿಗಳ ಹೆಸರು ಕೂಡ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಲೆಕ್ಕ ಇಲ್ಲದಿದ್ದರೆ ನಮ್ಮ ಕಾಳಜಿ ಕೂಡ ತಪ್ಪು ಕಡೆ ಹರಿಯುತ್ತದೆ.

ತಡವಾದರೆ ಏನಾಗುತ್ತದೆ?

ರಣಹದ್ದುಗಳ ಕತೆ ಬಹಳ ಜನರಿಗೆ ಗೊತ್ತು. ಬಿಳಿಬೆನ್ನಿನ ರಣಹದ್ದು ಒಂದು ಕಾಲಕ್ಕೆ ದೇಶದ ಊರೂರಿನ ಆಚೆ ಸತ್ತ ದನದ ಮೇಲೆ ಗುಂಪಾಗಿ ಕೂರುತ್ತಿತ್ತು. 1992ರಿಂದ 2007ರ ನಡುವೆ ಅದು ಶೇ 99.9ರಷ್ಟು ಇಳಿಯಿತು. ರಾಜಸ್ಥಾನದ ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಅವರು 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿಟ್ಟಿದ್ದರು. ಮುಂದಿನ ದಶಕದಲ್ಲಿ ಮತ್ತೆ ನೋಡಿದಾಗ ಗೂಡುಗಳು ಖಾಲಿಯಾಗುತ್ತಿದ್ದವು. ಹಳೆಯ ಎಣಿಕೆ ಇದ್ದುದರಿಂದಲೇ ಇದು ಅನುಮಾನವಾಗಿ ಉಳಿಯದೆ ಸಾಬೀತಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಕಾರಣ ಎಂದು ಗೊತ್ತಾದದ್ದು 2004ರ ಹೊತ್ತಿಗೆ. ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಹಕ್ಕಿ ಬಹುಮಟ್ಟಿಗೆ ಮುಗಿದೇ ಹೋಗಿತ್ತು. ಅದರ ಜಾಗಕ್ಕೆ ಬಂದ ಬದಲಿ ಔಷಧಿಗಳಲ್ಲೂ ಕೆಲವು ವಿಷವೇ. ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ನಿಷೇಧಕ್ಕೆ 2023ರ ತನಕ ಕಾಯಬೇಕಾಯಿತು.

ಇದು ಬರೀ ಹಕ್ಕಿಯ ನಷ್ಟವಲ್ಲ. ಮೊದಲು ರಣಹದ್ದು ಇದ್ದು ಆಮೇಲೆ ಇಲ್ಲವಾದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯರ ಸಾವು ಆಯಿತು ಎಂದು ಅರ್ಥಶಾಸ್ತ್ರಜ್ಞರಾದ ಅನಂತ್ ಸುದರ್ಶನ್ ಮತ್ತು ಇಯಾಲ್ ಫ್ರಾಂಕ್ ಅಂದಾಜು ಮಾಡಿದ್ದಾರೆ. ಕೊಳೆಯುವ ದನದ ಹೆಣ, ಹೆಚ್ಚಿದ ಬೀದಿನಾಯಿ, ಕೆಟ್ಟ ನೀರು ಈ ದಾರಿಯಲ್ಲಿ ಬಂದ ಸಾವುಗಳವು. ನಮ್ಮಲ್ಲಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಬಂಡೀಪುರ, ನಾಗರಹೊಳೆ ಕಡೆ ಕೆಲವು ಉಳಿದಿವೆ. 2023ರಿಂದ ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಾಗಿ ಒಂದೇ ಹೊತ್ತಿಗೆ ರಣಹದ್ದು ಎಣಿಕೆ ನಡೆಸುತ್ತಿವೆ. ಒಂದೇ ಹಕ್ಕಿ ಎರಡು ರಾಜ್ಯದಲ್ಲಿ ಎರಡು ಸಲ ಲೆಕ್ಕಕ್ಕೆ ಬರಬಾರದಲ್ಲ, ಅದಕ್ಕೆ.

ಕಾಯುವುದು ಗೊತ್ತಿರುವ ಕಡೆ

ಹಕ್ಕಿ ಉಳಿಸುವ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಚರಿತ್ರೆ ಇದೆ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ನೋಡಿದ ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಮಹಾರಾಜರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗುತ್ತವೆ, ಕೊಚ್ಚಿಹೋಗುತ್ತವೆ. ಮರಳಿನ ಚೀಲ ಪೇರಿಸಿ ಅವನ್ನು ಗಟ್ಟಿ ಮಾಡುವ ಕೆಲಸವನ್ನು ಅರಣ್ಯ ಇಲಾಖೆ ಮಾಡುತ್ತಾ ಬಂದಿದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬೇಲಿಯೇ ಇಲ್ಲ. ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಮರದ ಹುಣಸೆಹಣ್ಣನ್ನು ಮನೆಯವರು ಕೀಳುವುದಿಲ್ಲ, ಅದಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಮೈಸೂರಿನ ಕೆ. ಮನು ಅವರ ಜೊತೆ ಊರಿನ ಯುವಕರು ಕಟ್ಟಿದ ಹೆಜ್ಜಾರ್ಲೆ ಬಳಗ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೂ 2017ರ ಕೊನೆಯಿಂದ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ದುಂಡುಹುಳುಗಳು ತುಂಬಿದ್ದವು, ಅವು ತಿಂದ ಮೀನಿನಿಂದ ಬಂದವು. ಊರಿನ ಜನ ಮರವನ್ನು ಕಾಯಬಹುದು. ಸುತ್ತಲಿನ ಹೊಳೆ, ಕೆರೆಗಳ ನೀರನ್ನು ಒಂದು ಊರೇ ಕಾಯಲು ಆಗುವುದಿಲ್ಲವಲ್ಲ?

ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ, ಕುಮಟಾದ ಅಘನಾಶಿನಿ ಅಳಿವೆ ಈ ಮೂರೂ 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹೆಬ್ಬಾತುಗಳನ್ನು ಮೈಸೂರು ಹತ್ತಿರದ ಹದಿನಾರು ಕೆರೆಯಲ್ಲಿ ವೀಕ್ಷಕರು ಗುರುತಿಸಿದ್ದಾರೆ. ಅವು ಎಲ್ಲಿಂದ ಬರುತ್ತವೆ ಎನ್ನುವುದು ನಮಗೆ ಗೊತ್ತಾದದ್ದು ಹೀಗೆ. ಹಗಲು ಕೆರೆಯಲ್ಲಿ ಇರುವ ಈ ಹೆಬ್ಬಾತು ಮೇಯುವುದು ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ. ಕೆರೆಗೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು ಸರಿ. ಹೊಲದವರ ನಷ್ಟದ ಮಾತು ಅದರಲ್ಲಿ ಎಲ್ಲಿ ಬರುತ್ತದೆ?

ಈ ಎಲ್ಲ ತಾಣಗಳಲ್ಲೂ ಒಂದು ಸಮಾನ ಅಂಶ ಇದೆ. ಹಕ್ಕಿಗಳು ದೊಡ್ಡವು, ಗುಂಪಾಗಿ ಸೇರುತ್ತವೆ, ಕಣ್ಣಿಗೆ ಕಾಣುತ್ತವೆ. ಜಾಗಕ್ಕೆ ಗಡಿ ಹಾಕಬಹುದು, ಫಲಕ ನೆಡಬಹುದು, ದೋಣಿ ಬಿಡಬಹುದು. ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ 1987ರಿಂದ ನಡೆಯುತ್ತಿರುವ ನೀರುಹಕ್ಕಿ ಗಣತಿಯಲ್ಲಿ ಇಂಥ ಕೆರೆಗಳ ಎಣಿಕೆಯೂ ಆಗುತ್ತದೆ. ನೀಲಕಂಠಕ್ಕೆ ಇದು ಯಾವುದೂ ಇಲ್ಲ. ಒಂದು ಜೋಡಿ ಈ ಹೊಲದಲ್ಲಿ, ಇನ್ನೊಂದು ಜೋಡಿ ಎಷ್ಟೋ ದೂರದಲ್ಲಿ. ಅದಕ್ಕೆ ಧಾಮ ಕಟ್ಟುವುದು ಎಲ್ಲಿ?

ಬಂಜರು ಎಂದು ಕರೆದ ಬಯಲು

ಕೇಂದ್ರ ಸರ್ಕಾರ ತಯಾರಿಸುವ ಪಾಳುಭೂಮಿ ನಕಾಶೆಯಲ್ಲಿ ಕುರುಚಲು, ಹುಲ್ಲುಬಯಲುಗಳ ಬಹುಭಾಗ ಸೇರಿಕೊಂಡಿದೆ. ಕಂದಾಯ ದಾಖಲೆಯಲ್ಲಿ ಖರಾಬು, ಗೋಮಾಳ, ಕಾವಲು ಎಂಬ ಹೆಸರುಗಳಲ್ಲಿ ಇರುವುದೂ ಇದೇ ನೆಲ. ಕಾಡು ಕಡಿದರೆ ಕೇಳಲು ಕಾನೂನು ಇದೆ. ಹುಲ್ಲುಬಯಲನ್ನು ಉತ್ತರೆ, ಅಗೆದರೆ, ತಂತಿಬೇಲಿ ಹಾಕಿದರೆ ಹೆಚ್ಚಿನ ಕಡೆ ಕೇಳುವವರಿಲ್ಲ. ಬದಲಿಗೆ ಅಭಿವೃದ್ಧಿ ಎಂಬ ಹೆಸರು ಸಿಗುತ್ತದೆ.

ರಾಣೆಬೆನ್ನೂರಿನಲ್ಲಿ ಆದದ್ದನ್ನೇ ನೋಡಿ. 1974ರಲ್ಲಿ ಕೃಷ್ಣಮೃಗ ಮತ್ತು ಎರೆಭೂತ ಹಕ್ಕಿಯ ಸಲುವಾಗಿ ಅಲ್ಲಿ ವನ್ಯಧಾಮ ಮಾಡಿದರು. ಎರೆಭೂತ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಬಳ್ಳಾರಿ ಕಡೆ ಎರ್ಲಡ್ಡು ಎಂದೂ ಕರೆಯುತ್ತಾರೆ. ಅದು ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ದೂರದ ತನಕ ಕಣ್ಣು ಹಾಯಬೇಕು, ಆಗಲೇ ಅದಕ್ಕೆ ಧೈರ್ಯ. ಅಂಥ ಧಾಮದ ದೊಡ್ಡ ಭಾಗದಲ್ಲಿ ನೀಲಗಿರಿ ಬೆಳೆಸಿದರು. ಕೃಷ್ಣಮೃಗ ಹೇಗೋ ಉಳಿಯಿತು. ಎರೆಭೂತ ಅಲ್ಲಿಂದ ಮಾಯವಾಯಿತು. ಮರ ನೆಟ್ಟರೆ ಪ್ರಕೃತಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ, ಮರವೇ ಬೇಡದ ಜೀವಿಗಳೂ ಇವೆ ಎಂಬುದು ತಲೆಗೆ ಹೋಗುವುದಿಲ್ಲ. ಪರಿಸರ ದಿನದಂದು ಗೋಮಾಳದಲ್ಲಿ ಗುಂಡಿ ತೋಡುವ ಒಳ್ಳೆಯ ಮನಸ್ಸಿನವರಿಗೆ ಇದನ್ನು ಹೇಳಲೇಬೇಕು.

ಈಗ ಕರ್ನಾಟಕದಲ್ಲಿ ಎರೆಭೂತ ಉಳಿದಿರುವುದು ಸಿರುಗುಪ್ಪ ತಾಲ್ಲೂಕಿನ ಕಪ್ಪು ಎರೆಭೂಮಿಯಲ್ಲಿ, ಅದೂ ಬೆರಳೆಣಿಕೆಯಷ್ಟು. ಪ್ರಪಂಚದಲ್ಲೇ ಬಯಲಿನಲ್ಲಿ ಸ್ವತಂತ್ರವಾಗಿ ಬದುಕಿರುವ ಇವುಗಳ ಸಂಖ್ಯೆ ಸುಮಾರು 150, ಬಹುಪಾಲು ಜೈಸಲ್ಮೇರ್ ಸುತ್ತಮುತ್ತ ಇವೆ. ಹಕ್ಕಿ ಭಾರ, ಎದುರಿಗೆ ಇರುವುದನ್ನು ನೋಡುವ ದೃಷ್ಟಿ ಕಡಿಮೆ. ಹೈಟೆನ್ಷನ್ ತಂತಿ ಕಂಡು ತಿರುಗುವಷ್ಟರಲ್ಲಿ ಬಡಿದು ಸಾಯುತ್ತದೆ. ಥಾರ್‌ನ ಬಸ್ಟರ್ಡ್ ನೆಲೆಯಲ್ಲಿ ಎಲ್ಲ ಜಾತಿಯೂ ಸೇರಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ತಂತಿಗೆ ಸಿಕ್ಕಿ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ಬಸ್ಟರ್ಡ್ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಹೇಳಿತು. ಸೌರ ವಿದ್ಯುತ್ತಿನ ಗುರಿಗೆ ತೊಡಕು ಎಂಬ ವಾದ ಬಂದ ಮೇಲೆ 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು.

ಇದೇ ಜಗ್ಗಾಟ ನಮ್ಮ ಬಯಲುಸೀಮೆಯಲ್ಲೂ ಇದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಿದ್ದ ಕಾವಲುಗಳು ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದವು. ಈಗ ಉಳಿದದ್ದು ಅದರ ತುಣುಕು. ಚಳ್ಳಕೆರೆಯಲ್ಲಿ ಹತ್ತಿರ ಹತ್ತಿರ 10,000 ಎಕರೆ ಕಾವಲನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಯ ತನಕ ವಿಷಯ ಹೋಯಿತು. ಪಾವಗಡದ ಸೌರ ಪಾರ್ಕ್ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ್ದು. ಅಲ್ಲಿನ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಜಮೀನು ಕೊಟ್ಟರು. ಮಳೆ ಕೈಕೊಟ್ಟ ಸೀಮೆಯಲ್ಲಿ ಆ ದುಡ್ಡಿನ ಬೆಲೆ ಏನು ಎನ್ನುವುದು ನನಗೂ ಅರ್ಥವಾಗುತ್ತದೆ. ಸೌರ ವಿದ್ಯುತ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಪ್ಯಾನಲ್ ಹಾಕುವ ಮೊದಲು ಆ ನೆಲದಲ್ಲಿ ಯಾವ ಹಕ್ಕಿ, ಯಾವ ತಿಂಗಳು, ಎಷ್ಟು ಇತ್ತು ಎಂದು ಎರಡು ಮೂರು ವರ್ಷ ನೋಡುವ ಪದ್ಧತಿ ಇಲ್ಲ, ನನ್ನ ತಕರಾರು ಅದು. ನೋಡದೇ ಇದ್ದರೆ ಏನು ಹೋಯಿತು ಎಂದು ಮುಂದೆ ಹೇಳಲೂ ಆಗುವುದಿಲ್ಲ.

ನೆಲ ಕೈತಪ್ಪದ ಕಡೆಯೂ ಬೇಸಾಯ ಬದಲಾಗಿದೆ. ನವಣೆ, ಸಜ್ಜೆ, ಜೋಳದ ಮಿಶ್ರ ಬೆಳೆ ಇದ್ದಲ್ಲಿ ಮೆಕ್ಕೆಜೋಳ, ಹತ್ತಿ ಒಂದೇ ಸಮ ಹಬ್ಬಿವೆ. ಬದುಗಳು ಸಣ್ಣವಾಗಿವೆ. ಬದುವಿನ ಮರ ಹೋಗಿದೆ. ಕಳೆನಾಶಕ, ಕೀಟನಾಶಕ ಬಂದ ಮೇಲೆ ಮಿಡತೆ, ಜೀರುಂಡೆ ಕಡಿಮೆ. ನೀಲಕಂಠಕ್ಕೆ ಬೇಕಾದದ್ದು ಇವೇ ಅಲ್ವಾ? ತಿನ್ನಲು ಹುಳು, ಕೂರಲು ಕೊಂಬೆ, ಗೂಡಿಗೆ ಹಳೆಯ ಮರದ ಪೊಟರೆ. ಇದು ಬೇಸಾಯ ನೋಡಿದವರ ಮಾತಾಗಿ ನಾನು ಹೇಳುತ್ತಿರುವುದು. ಮೂರರಲ್ಲಿ ಯಾವುದರ ಪಾಲು ಎಷ್ಟು ಎನ್ನಲು ಊರೂರಿನ ಮಟ್ಟದ ಎಣಿಕೆ ಬೇಕು.

ಒಂದು ಒಳ್ಳೆಯ ಸುದ್ದಿಯೂ ಇದೆ. ಬೆಂಗಳೂರಿನ ಅಂಚಿನ ಹೆಸರಘಟ್ಟ ಹುಲ್ಲುಗಾವಲನ್ನು ಮೀಸಲು ಮಾಡಬೇಕು ಎಂಬ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ನಡುವೆ ಹೈಕೋರ್ಟ್ ಇತ್ತು, ಬಿಡದೆ ಬೆನ್ನು ಹತ್ತಿದ ನಾಗರಿಕರು ಇದ್ದರು. ಅವರ ಕೈಯಲ್ಲಿ ವರ್ಷಗಟ್ಟಲೆಯ ಹಕ್ಕಿ ಪಟ್ಟಿಗಳೂ ಇದ್ದವು. ಚಳಿಗಾಲಕ್ಕೆ ಬರುವ ಹ್ಯಾರಿಯರ್ ಹದ್ದುಗಳು, ನೆಲಗುಬ್ಬಿಗಳು ಎಲ್ಲ ಅದರಲ್ಲಿ ದಾಖಲಾಗಿದ್ದವು. ಬರೀ ಖಾಲಿ ಜಾಗ ಎಂದು ಯಾರಾದರೂ ಹೇಳಿದಾಗ ಮೇಜಿನ ಮೇಲೆ ಇಡಲು ಅವರಿಗೆ ಏನಾದರೂ ಇತ್ತು.

ಲೆಕ್ಕದಲ್ಲೂ ತೂತುಗಳಿವೆ

ಬೆಂಗಳೂರಿನಲ್ಲಿ ಹಕ್ಕಿ ನೋಡುವವರು ತುಂಬ ಜನ ಇದ್ದಾರೆ. ಮೈಸೂರಿನಲ್ಲಿ 2014ರಿಂದ 2016ರ ತನಕ ನಗರವನ್ನು ಚೌಕಗಳಾಗಿ ಮಾಡಿಕೊಂಡು ಒಂದೊಂದು ಚೌಕದಲ್ಲೂ ಹಕ್ಕಿ ಎಣಿಸಿ ಪಕ್ಷಿ ಅಟ್ಲಾಸ್ ಮಾಡಿದರು. ಯಾದಗಿರಿ, ರಾಯಚೂರು, ವಿಜಯಪುರದ ಕಡೆ ಅಷ್ಟು ಕಣ್ಣುಗಳಿಲ್ಲ. ಬಯಲಿನ ಹಕ್ಕಿಗಳು ಇರುವುದು ಅಲ್ಲೇ. ಎಲ್ಲಿ ಜನ ನೋಡುತ್ತಾರೋ ಅಲ್ಲಿಯ ಹಕ್ಕಿಯ ಕತೆ ಮಾತ್ರ ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಎಲ್ಲರೂ ಕೆರೆ ದಂಡೆಗೇ ಹೋದರೆ ಕೆರೆಯ ಪಟ್ಟಿ ಬೆಳೆಯುತ್ತದೆ, ಹೊಲದ ಪಟ್ಟಿ ಖಾಲಿಯೇ ಇರುತ್ತದೆ.

ಇದಕ್ಕೆ ಮದ್ದು ಏನು ಎಂದು ಕೇರಳ ತೋರಿಸಿದೆ. 2015ರಿಂದ 2020ರ ತನಕ ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿ, ಮಳೆಗಾಲ ಮತ್ತು ಒಣಹವೆ ಎರಡೂ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಎಣಿಸಿದರು. ಎಲ್ಲಿಗೆ ಹೋಗಬೇಕು ಎಂದು ಹೇಳಿದ್ದು ನಕಾಶೆ. ಚಂದದ ಜಾಗವೋ ಅಲ್ಲವೋ, ರಬ್ಬರ್ ತೋಟವಾಗಲಿ ಪೇಟೆ ಬೀದಿಯಾಗಲಿ, ಚೌಕ ಅಲ್ಲಿ ಬಿದ್ದರೆ ಅಲ್ಲಿಗೇ ಹೋಗಬೇಕು. 361 ಜಾತಿಗಳು ಎಲ್ಲೆಲ್ಲಿ, ಎಷ್ಟೆಷ್ಟು ಕಾಣುತ್ತವೆ ಎಂದು ಈಗ ಆ ರಾಜ್ಯಕ್ಕೆ ಗೊತ್ತಿದೆ. ಕರ್ನಾಟಕ ಕೇರಳಕ್ಕಿಂತ ಐದು ಪಟ್ಟು ದೊಡ್ಡದು, ಹಾಗಾಗಿ ಒಮ್ಮೆಲೇ ಮಾಡುವುದು ಕಷ್ಟ. ಒಣ ಜಿಲ್ಲೆಗಳಿಂದ ಶುರು ಮಾಡಬಹುದು. ನನ್ನ ಪ್ರಕಾರ ಹಾಗೇ ಮಾಡಬೇಕು, ಮಲೆನಾಡಿಗೆ ನೋಡುವ ಜನ ಮೊದಲೇ ಇದ್ದಾರೆ.

ಇನ್ನೊಂದು ದಾರಿ ಕಾನೂನಿನಲ್ಲೇ ಇದೆ, ಅದನ್ನು ಯಾರೂ ಸರಿಯಾಗಿ ಬಳಸುತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲಾತಿ ಪುಸ್ತಕ ಮಾಡಬೇಕು. ಬಹಳ ಕಡೆ ಪುಸ್ತಕ ಆಗಿದೆ. ಒಮ್ಮೆ ಬರೆದು ಕಪಾಟಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ 'ನೀಲಕಂಠ: ಇದೆ' ಎಂದು ಒಂದು ಸಾಲು ಇದ್ದರೆ ಉಪಯೋಗ ಕಡಿಮೆ. ಊರ ಗೋಮಾಳದ ಒಂದು ದಾರಿ ಗೊತ್ತು ಮಾಡಿ, ಪ್ರೌಢಶಾಲೆಯ ಮೇಷ್ಟರೋ ಪಶುವೈದ್ಯ ಇಲಾಖೆಯವರೋ ಕುರಿಗಾಹಿಗಳೋ ಸೇರಿ, ತಿಂಗಳಿಗೊಮ್ಮೆ ಒಂದು ಗಂಟೆ ನಡೆದು ಕಂಡ ಎಲ್ಲ ಹಕ್ಕಿಗಳನ್ನೂ ಊರಿನ ಹೆಸರಿನಲ್ಲೇ ಬರೆದರೆ ಸಾಕು. ದಿನವಿಡೀ ಬಯಲಿನಲ್ಲಿ ಇರುವ ಕುರಿಗಾಹಿಗಿಂತ ಚೆನ್ನಾಗಿ ಎರ್ಲಡ್ಡುವಿನ ಜಾಡು ಯಾರಿಗೆ ಗೊತ್ತು? ದುರ್ಬೀನು ಕೊಳ್ಳಲು, ದಿನಗೂಲಿ ಕೊಡಲು ಸಮಿತಿಗೆ ಸ್ವಲ್ಪ ಹಣ ಬೇಕಾಗುತ್ತದೆ. ಒಂದು ಕೆರೆಗೆ ವಾಕಿಂಗ್ ಟ್ರ್ಯಾಕ್ ಹಾಕುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಗೂಡಿನ ಜಾಗ ಮತ್ತು ಅಪಾಯದಲ್ಲಿರುವ ಹಕ್ಕಿಯ ಜಾಗವನ್ನು ಮಾತ್ರ ಬಹಿರಂಗ ಮಾಡಬಾರದು. ಇ-ಬರ್ಡ್ ಕೂಡ ಕೆಲವು ಜಾತಿಗಳ ನಿಖರ ಸ್ಥಳವನ್ನು ಮರೆಮಾಡುತ್ತದೆ. ಸಿರುಗುಪ್ಪದ ಹೊಲದ ಗುರುತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ ಮರುದಿನವೇ ಕ್ಯಾಮೆರಾ ಹೊತ್ತ ಕಾರುಗಳು ಬರಬಹುದು. ಒಂದೇ ಮೊಟ್ಟೆ ಇಡುವ ಹಕ್ಕಿ ಅದನ್ನು ಬಿಟ್ಟು ಎದ್ದರೆ ಆ ವರ್ಷದ ಮರಿಯೇ ಇಲ್ಲವಾಗಬಹುದು. ಪಂಚಾಯಿತಿಯ ಪುಸ್ತಕದಲ್ಲಿ ಇಂಥ ಹಾಳೆಗಳನ್ನು ಬೇರೆ ಇಟ್ಟು ಅರಣ್ಯ ಇಲಾಖೆಗೆ ಮಾತ್ರ ಕೊಡುವ ವ್ಯವಸ್ಥೆ ಮಾಡಿಕೊಳ್ಳಬಹುದು. ಉಳಿದ ಹಕ್ಕಿಗಳ ಪಟ್ಟಿ, ಅದರಲ್ಲಿ ನೀಲಕಂಠದ್ದೂ ಸೇರಿ, ಎಲ್ಲರೂ ನೋಡುವಂತೆ ಪಂಚಾಯಿತಿ ಫಲಕದ ಮೇಲೆ ತಿಂಗಳು ತಿಂಗಳು ಅಂಟಿಸಲಿ. ಗೋಮಾಳವನ್ನು ಯಾವುದಾದರೂ ಯೋಜನೆಗೆ ಕೊಡುವ ಅರ್ಜಿ ಗ್ರಾಮಸಭೆಗೆ ಬಂದ ದಿನ ಆ ಹಾಳೆಗಳನ್ನೂ ಓದಿ ಹೇಳುವಂತಾಗಲಿ.